ನಾಯಿಯ ಹೆಸರು ಕೇಳದೆ ಕಳೆದ ಎರಡು ಭೇಟಿಗಳು

ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದ ಪ್ರಕರಣವಿದು. ಸಾಕುನಾಯಿಯನ್ನು ಸಂಭಾಳಿಸಲಾಗದೆ ಬಳಲಿದವರು ನಿದ್ರೆಯಿಲ್ಲವೆಂದೋ ಮನೆಯಲ್ಲಿ ಜಗಳವೆಂದೋ ಹೇಳಿಕೊಂಡು ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿದ್ದಾರೆ. ಆದರೂ ಇದನ್ನು ಬರೆಯಲು ಮುಖ್ಯ ಕಾರಣ ನಾನು ಮಾಡಿದ ತಪ್ಪು.

ಬಂದವರು ಮನೆಯಿಂದಲೇ ಕೆಲಸ ಮಾಡುವ ವಿವಾಹಿತೆ. ಪತಿ ಆಸೆಪಟ್ಟು ತಂದ ಅಲಾಸ್ಕನ್ ಮಲಮ್ಯೂಟ್ ತಳಿಯ ಗಂಡು ನಾಯಿಗೆ ಆಗ 14 ತಿಂಗಳು, ತೂಕ 38 ಕಿಲೋ. ಸೋಫಾ ಹರಿದಿತ್ತು, ಅಂಗಳದ ತುಂಬ ಗುಂಡಿಗಳಾಗಿದ್ದವು, ಒಂಟಿಯಾಗಿ ಬಿಟ್ಟರೆ ನಾಯಿ ಊಳಿಡುತ್ತಿತ್ತು. “ಅದು ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ” ಎಂದು ಆಕೆ ಮೊದಲ ಭೇಟಿಯಲ್ಲೇ ಹೇಳಿದ್ದರು. ನಾನು ಆ ‘ಅದು’ವಿನ ಹಿಂದೆ ಪತಿಯನ್ನು ಹುಡುಕುತ್ತ ಎರಡು ಭೇಟಿಗಳನ್ನು ಕಳೆದೆ.

ಮೂರನೆಯ ಭೇಟಿಯಲ್ಲಿ, ಮನೆಯಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲವೆಂದು ಯಾವಾಗಿನಿಂದ ಅನ್ನಿಸತೊಡಗಿತು ಎಂದು ಕೇಳಿದೆ. ಆಕೆ ತೋಳಿಗೆ ಅಂಟಿದ್ದ ಬಿಳಿಯ ಕೂದಲೊಂದನ್ನು ಬಿಡಿಸಿ, ಬೆರಳಿಗೆ ಸುತ್ತಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಮೇಡಂ, ಎರಡು ಸಲ ಬಂದು ಹೋದೆ. ನಮ್ಮ ನಾಯಿಯ ಹೆಸರೇನೆಂದು ನೀವು ಒಮ್ಮೆಯೂ ಕೇಳಲಿಲ್ಲ” ಎಂದರು.

ಕೇಳಿದೆ. ಹೆಸರು ಹೇಳುವಾಗ ಅವರ ದನಿ ಮೆತ್ತಗಾಯಿತು. ಸೇಡಿನ ಮಾತಾಡಿದವರು ಇವರೇ ಎಂದು ನಂಬುವುದು ಕಷ್ಟವಾಗಿತ್ತು. ಬಳಿಕ ಅಂಗೈ ಬಿಚ್ಚಿ ತೋರಿಸಿದರು: ಹಗ್ಗ ಜಾರಿ ಸುಟ್ಟ ಗೆರೆ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಕೆಂಪಾಗಿತ್ತು. ಒಂದು ಹಾಳೆ ಕೊಟ್ಟು, ನಾಯಿಯ ದಿನಚರಿಯನ್ನು ಗಂಟೆಗಂಟೆಯ ಲೆಕ್ಕದಲ್ಲಿ ಬರೆಯಿರಿ ಎಂದೆ. ಬೆಳಿಗ್ಗೆ 20 ನಿಮಿಷ, ಸಂಜೆ 15 ನಿಮಿಷ ನಡಿಗೆ ಎಂದು ಬರೆದು ಅವರ ಪೆನ್ನು ನಿಂತಿತು.

ವಾಯವ್ಯ ಅಲಾಸ್ಕಾದ ಮಾಹ್ಲೆಮ್ಯೂಟ್ ಜನರು ಬೆಳೆಸಿದ ತಳಿಯಿದು. ಹಸ್ಕಿ ಹಗುರವಾದ ಹೊರೆಯನ್ನು ವೇಗವಾಗಿ ಎಳೆಯುವ ನಾಯಿಯಾದರೆ, ಮಲಮ್ಯೂಟ್ ಭಾರವನ್ನು ಹಿಮದ ಮೇಲೆ ಬಹುದೂರ ಸಾಗಿಸುವ ನಾಯಿ. ಹಗ್ಗ ಬಿಗಿಯಾದೊಡನೆ ಮುಂದಕ್ಕೆ ಜಗ್ಗುವುದೇ ತಲೆಮಾರುಗಳಿಂದ ಅದಕ್ಕೆ ಒಪ್ಪಿಸಿದ ಕೆಲಸವಾಗಿರುವಾಗ, ಅದನ್ನು ಹಟವೆಂದೋ ಸೇಡೆಂದೋ ಕರೆಯುವುದು ನ್ಯಾಯವಲ್ಲ. ಕೆಲಸವಿಲ್ಲದ ನಾಯಿ ತಾನೇ ಒಂದು ಕೆಲಸ ಹುಡುಕಿಕೊಂಡಿತ್ತು, ಅಷ್ಟೆ.

ಆಪ್ತಸಲಹೆಗಾರರು ನಾಯಿಯ ವಿಷಯದಲ್ಲಿ ಮಾತಾಡಬಹುದೇ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ತರಬೇತಿಗೆ ತರಬೇತುದಾರರ ಬಳಿಗೂ, ಎಲುಬು ಕೀಲುಗಳ ಪರೀಕ್ಷೆಗೆ ಪಶುವೈದ್ಯರ ಬಳಿಗೂ ನಾನು ಕಳುಹಿಸಿದ್ದೆ. ನನ್ನ ಸಲಹೆ ಮನೆಯವರಿಗಾಗಿತ್ತು. ತರಬೇತುದಾರರಿಂದ ಅವರು ಕೇಳಿ ಬಂದ ಮಾತುಗಳಿವು: ಕೊರಳಪಟ್ಟಿಯ ಬದಲು ಎದೆಗೆ ತೊಡಿಸುವ ಹಾರ್ನೆಸ್ ಬಳಸಬೇಕು. ಬಿಸಿಲೇರುವ ಮೊದಲೇ ದೀರ್ಘವಾಗಿ ನಡೆಸಬೇಕು. ಬೆಳವಣಿಗೆ ಮುಗಿದು ವೈದ್ಯರು ಒಪ್ಪಿದ ಮೇಲಷ್ಟೇ ಭಾರ ಎಳೆಸಬೇಕು. ಅಲ್ಲಿಯವರೆಗೆ ಮೂಸಿ ಹುಡುಕುವ ಆಟಗಳಿರಲಿ, ಅಗೆಯಲು ಅಂಗಳದ ಒಂದು ಮೂಲೆಯನ್ನು ಬಿಟ್ಟುಕೊಡಲಿ. ನಾನು ಸೇರಿಸಿದ್ದು ಒಂದೇ: ಇವನ್ನೆಲ್ಲ ಯಾರು ಮಾಡುತ್ತಾರೆಂಬುದನ್ನು ವಾರದ ಹಾಳೆಯಲ್ಲಿ ಹೆಸರು ಹಾಕಿ ಬರೆಯಬೇಕು, ಮತ್ತು ಆ ಹಾಳೆಯನ್ನು ತುಂಬಲು ಪತಿಯೂ ಕೂರಬೇಕು. ಆಸೆ ಒಬ್ಬರದು, ಹಗ್ಗ ಹಿಡಿಯುವ ಕೈ ಇನ್ನೊಬ್ಬರದು ಎಂಬ ಏರ್ಪಾಡು, ಹತ್ತು ವರ್ಷಕ್ಕೂ ಮೀರಿ ಬದುಕಬಲ್ಲ ಪ್ರಾಣಿಯ ವಿಷಯದಲ್ಲಿ ಬಹಳ ಕಾಲ ನಿಲ್ಲುವುದಿಲ್ಲ.

ಆರು ತಿಂಗಳು ಪ್ರಯತ್ನಿಸಿಯೂ ಆಗದಿದ್ದರೆ, ಈ ತಳಿಯನ್ನು ಬಲ್ಲ ಮನೆಗೆ ನಾಯಿಯನ್ನು ಒಪ್ಪಿಸುವುದು ದ್ರೋಹವಲ್ಲವೆಂದೂ ಹೇಳಿದೆ. ಇದಕ್ಕೆ ನನ್ನನ್ನು ಕಟುಕಳೆನ್ನುವವರಿದ್ದಾರೆ. ಅಪರಾಧಿಭಾವದಿಂದ ಕಟ್ಟಿಹಾಕಿಕೊಂಡ ನಾಯಿಯ ಪಾಡನ್ನು ಹಲವು ಮನೆಗಳಿಂದ ಕೇಳಿರುವ ನಾನು ಆ ಮಾತನ್ನು ಹಿಂತೆಗೆದುಕೊಳ್ಳಲಾರೆ.

ಎಂಟನೆಯ ವಾರ ದಂಪತಿ ಒಟ್ಟಿಗೆ ಬಂದರು. ಮೊದಲು ನಾಯಿಯ ಹೆಸರು ಹಿಡಿದೇ ಕ್ಷೇಮ ವಿಚಾರಿಸಿದೆ. ಊಳಿಡುವುದು ಕಡಿಮೆಯಾಗಿತ್ತು, ಗುಂಡಿಗಳು ಮಾತ್ರ ಇನ್ನೂ ಮೂಲೆ ದಾಟಿ ಬರುತ್ತಿದ್ದವು. ಅವರು ಮೇಜಿನ ಮೇಲೆ ಬಿಡಿಸಿಟ್ಟ ಹಾಳೆಯಲ್ಲಿ ಎರಡು ಕೈಬರಹಗಳಿದ್ದವು. ಬುಧವಾರ ಮತ್ತು ಶುಕ್ರವಾರದ ಸಂಜೆಗಳ ಎದುರು ಯಾರ ಹೆಸರೂ ಇರಲಿಲ್ಲ.