ಆಟ ಜೋಡಿಸಿದ ವ್ಯಾಯಾಮದ ಸೈಕಲ್ಲಿಗೆ ಪೇಟೆಂಟ್ ಸಿಗುತ್ತದೆಯೇ?

ನಮಸ್ಕಾರ. ಪೆಡಲ್ ತುಳಿದಂತೆ ಪರದೆಯ ಮೇಲೆ ದೋಣಿ ಓಡುವ ವ್ಯಾಯಾಮದ ಸೈಕಲ್ಲೊಂದನ್ನು ತಯಾರಿಸಿ, ಅದಕ್ಕೆ ಭಾರತದಲ್ಲಿ ಪೇಟೆಂಟ್ ದೊರೆಯುವುದೇ ಎಂದು ಕೇಳಿದ್ದೀರಿ. ದೊರೆಯಬಹುದು, ಆದರೆ ಆಟಕ್ಕಲ್ಲ. 1970ರ ಪೇಟೆಂಟ್ ಕಾಯ್ದೆಯ 3ನೆಯ ಕಲಮು ಆಟವಾಡುವ ವಿಧಾನವನ್ನೂ ಬರಿಯ ಕಂಪ್ಯೂಟರ್ ಪ್ರೋಗ್ರಾಮನ್ನೂ ಆವಿಷ್ಕಾರವೆಂದು ಒಪ್ಪುವುದಿಲ್ಲ. ಈಗಾಗಲೇ ಗೊತ್ತಿರುವ ಸಾಧನಗಳನ್ನು ಒಂದೆಡೆ ಕೂಡಿಸಿ, ಅವು ತಮ್ಮ ತಮ್ಮ ಹಳೆಯ ಕೆಲಸವನ್ನಷ್ಟೇ ಮಾಡುತ್ತಿದ್ದರೆ ಅಂಥ ಜೋಡಣೆಯನ್ನೂ ಹೊರಗಿಡುತ್ತದೆ.

ನಿಮ್ಮ ವಿವರಣೆಯಲ್ಲಿ ನನಗೆ ನಿಜಕ್ಕೂ ಮಹತ್ವದ್ದೆನಿಸಿದ್ದು, ದೋಣಿಗೆ ಅಲೆ ಎದುರಾದಾಗ ಅಯಸ್ಕಾಂತವನ್ನು ಗಾಲಿಯ ಹತ್ತಿರಕ್ಕೆ ಸರಿಸಿ ಪೆಡಲನ್ನು ಬಿಗಿಗೊಳಿಸುವ ಆ ಸಣ್ಣ ಸನ್ನೆಗೋಲು. ಆಟಕ್ಕೆ ತಕ್ಕಂತೆ ಬಿಗಿ ಬದಲಾಗುವ ಸೈಕಲ್ಲುಗಳು ಈಗಾಗಲೇ ಇರುವುದರಿಂದ, ಆ ಕಲ್ಪನೆಯನ್ನು ಬಿಟ್ಟು ಸನ್ನೆಗೋಲಿನ ರಚನೆಯನ್ನೇ, ಅದು ಹಳೆಯದಕ್ಕಿಂತ ಹೇಗೆ ಭಿನ್ನ ಎಂಬುದರೊಂದಿಗೆ, ಅಳತೆ ಮತ್ತು ನಕ್ಷೆ ಸಹಿತ ಅರ್ಜಿಯಲ್ಲಿ ಬರೆಯಿರಿ. ವಿಡಿಯೊ ಗೇಮಿನ ಜನಕರೆಂದು ಹೆಸರಾದ ರಾಲ್ಫ್ ಬೇರ್ ಅವರಿಗೆ 1973ರಲ್ಲಿ ಅಮೆರಿಕದಲ್ಲಿ ದೊರೆತ ಪೇಟೆಂಟಿನ ತಿರುಳೂ ಆಟದ ನಿಯಮಗಳಲ್ಲ, ಟಿವಿ ಪರದೆಯ ಮೇಲೆ ಚುಕ್ಕೆಗಳನ್ನು ಮೂಡಿಸಿ ಆಡುವವರ ಕೈಯಿಂದ ಚಲಿಸುವಂತೆ ಮಾಡುವ ಸಾಧನ.

ದಯವಿಟ್ಟು ನಿಮ್ಮ ಸೈಕಲ್ಲನ್ನು ತೋರಿಸುವ ವಿಡಿಯೊವನ್ನು ಅರ್ಜಿ ಸಲ್ಲಿಸುವ ಮೊದಲು ಎಲ್ಲೂ ಹಾಕಬೇಡಿ. ನೀವೇ ಬಹಿರಂಗಪಡಿಸಿದರೂ ಪೇಟೆಂಟಿಗೆ ಬೇಕಾದ ಹೊಸತನ ಹೋಯಿತೆಂದೇ ಸಾಮಾನ್ಯವಾಗಿ ಲೆಕ್ಕ. ತಾತ್ಕಾಲಿಕ ವಿವರಣೆಯನ್ನು, ಎಂದರೆ ಆವಿಷ್ಕಾರದ ಆರಂಭಿಕ ವಿವರವನ್ನು, ಈಗಲೇ ಸಲ್ಲಿಸಿದರೆ, ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶವಿದೆ. ದಾವಣಗೆರೆಯವರಾದ ನಿಮಗೆ ಚೆನ್ನೈನ ಪೇಟೆಂಟ್ ಕಚೇರಿ ಸಂಬಂಧಿಸುತ್ತದೆ, ಅರ್ಜಿಯನ್ನು ಮಾತ್ರ ಆನ್‌ಲೈನಿನಲ್ಲೇ ಸಲ್ಲಿಸಬಹುದು.