ಜೈಲಿನಿಂದ ಬಂದ ತಮ್ಮನನ್ನು ಚರ್ಚಿನವರ ಜೊತೆ ಕಳಿಸಬಹುದಾ?

ಬಿಡುಗಡೆಯಾದ ಕೈದಿಗಳ ಜೊತೆ ಇಪ್ಪತ್ತು ವರ್ಷ ಕೆಲಸ ಮಾಡಿರುವ ಸಮಾಜ ಕಾರ್ಯಕರ್ತೆಯೊಬ್ಬರು ಈ ವಾರ ಓದುಗರಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಮ್ಮದು ಹಾಸನದ ಹತ್ತಿರ ಒಂದು ಹಳ್ಳಿ. ನನ್ನ ತಮ್ಮ ಕೊಲೆ ಕೇಸಿನಲ್ಲಿ 14 ವರ್ಷ ಒಳಗಿದ್ದ. ಹೋದ ವರ್ಷ ಸನ್ನಡತೆ ಮೇಲೆ ಬಿಟ್ಟರು. ಜೈಲಿನಲ್ಲಿ ಬೇಕರಿ ಕೆಲಸ ಕಲಿತಿದ್ದಾನೆ. ಎರಡು ಕಡೆ ಸೇರಿದ, ಎರಡೂ ಕಡೆ ತಿಂಗಳು ತುಂಬುವ ಮುಂಚೆ ಬಿಟ್ಟ. ಜೈಲಿಗೆ ಬರುತ್ತಿದ್ದ ಫಾದರ್ ಮತ್ತು ಸಿಸ್ಟರ್, "ಬೆಂಗಳೂರಿಗೆ ಕಳಿಸಿ, ಇರಲು ಜಾಗ ಕೊಟ್ಟು ಕೆಲಸಕ್ಕೆ ಸೇರಿಸುತ್ತೇವೆ" ಅನ್ನುತ್ತಿದ್ದಾರೆ. ನಾವು ಹಿಂದೂಗಳು. ಅವರ ಜಾತಿಗೆ ಸೇರಿಸಿಬಿಡುತ್ತಾರೆ ಅಂತ ಅಮ್ಮನಿಗೆ ಭಯ. ಏನು ಮಾಡಲಿ?

ಉತ್ತರ: ಕಳಿಸಿ. ಆದರೆ ಮುಂಚೆ ನೀವೊಂದು ಸಲ ಹೋಗಿ ಆ ಜಾಗ ನೋಡಿಕೊಂಡು ಬನ್ನಿ. ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಹೋಗಿ.

ಫಾದರ್, ಸಿಸ್ಟರ್ ಅಂದರೆ ಕ್ಯಾಥೊಲಿಕರೇ ಇರಬೇಕು. ಅವರಲ್ಲಿ ಈ ಕೆಲಸಕ್ಕೇ ಅಂತ ಇರುವ ದೊಡ್ಡ ಬಳಗ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ. 1981ರಲ್ಲಿ ಕೇರಳದಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರು ಶುರು ಮಾಡಿದ್ದು. ಈಗ ಅದರ ರಾಷ್ಟ್ರೀಯ ಕಚೇರಿ ಬೆಂಗಳೂರಿನಲ್ಲೇ ಇದೆ. 'ನಾನು ಸೆರೆಮನೆಯಲ್ಲಿದ್ದಾಗ ನೀವು ನೋಡಲು ಬಂದಿರಿ' ಎಂಬ ಅರ್ಥದ ಯೇಸುವಿನ ಮಾತು ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿದೆ. ಜೈಲಿಗೆ ಹೋಗುವ ಪಾದ್ರಿಗಳೆಲ್ಲ ಹೆಚ್ಚುಕಮ್ಮಿ ಅಲ್ಲಿಂದಲೇ ಹೊರಡುವುದು.

ಅಮ್ಮನಿಗೆ ಒಂದು ನಡೆದ ವಿಷಯ ಹೇಳಿ. 1995ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದಲ್ಲಿ ಇಂದೋರ್ ಕಡೆಗೆ ಬಸ್ಸಿನಲ್ಲಿ ಹೊರಟಿದ್ದ ಸಿಸ್ಟರ್ ರಾಣಿ ಮರಿಯಾ ಅವರನ್ನು ಸಮುಂದರ್ ಸಿಂಗ್ ಎಂಬ ಯುವಕ ಇರಿದು ಕೊಂದ. ಮುಂದೆ ರಾಣಿ ಮರಿಯಾ ಅವರ ಒಡಹುಟ್ಟಿದ ತಂಗಿ, ಅವರೂ ಸಿಸ್ಟರ್, ಸೆಲ್ಮಿ ಪೌಲ್ ಜೈಲಿಗೆ ಹೋದರು. ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅವನನ್ನು ಬಿಡಿ ಅಂತ ಕೇಳಿಕೊಂಡವರೂ ಆ ಮನೆಯವರೇ. 2006ರಲ್ಲಿ ಹೊರಗೆ ಬಂದವನು ಊರಿಗೆ ಹೋಗಿ ಬೇಸಾಯಕ್ಕೆ ನಿಂತ. ಸಿಸ್ಟರ್ ಜೈಲಿಗೆ ಒಯ್ದದ್ದು ರಾಖಿ, ನೋಡಿ.

ಹಾಗಂತ ಅಮ್ಮನ ಭಯ ಸುಮ್ನೆ ಅಂತ ನಾನು ಹೇಳಲ್ಲ. ಈ ಕೆಲಸದಲ್ಲಿ ದೊಡ್ಡ ಬಳಗಗಳೂ ಇವೆ, ಒಂದು ಕೋಣೆಯ ಸಣ್ಣ ಗುಂಪುಗಳೂ ಇವೆ. ಎಲ್ಲರೂ ಒಂದೇ ಥರ ಇರುವುದಿಲ್ಲ. ಅಲ್ಲಿಗೆ ಹೋದಾಗ ನೇರವಾಗಿಯೇ ಕೇಳಿ. ಸಂಜೆ ಪ್ರಾರ್ಥನೆಗೆ ಕೂರದಿದ್ದರೆ ಊಟ, ಮಂಚ ಇರುತ್ತಾ? ಆಧಾರ್ ಕಾರ್ಡು, ಎಟಿಎಂ ಕಾರ್ಡು ಯಾರ ಹತ್ತಿರ ಇರುತ್ತೆ? ಸಂಬಳ ಅವನ ಖಾತೆಗೇ ಬೀಳುತ್ತಾ? ಯುಗಾದಿಗೆ ಮನೆಗೆ ಬರಬಹುದಾ? ಎಷ್ಟು ತಿಂಗಳು ಇಟ್ಟುಕೊಳ್ಳುತ್ತೀರಿ? ಒಳ್ಳೆಯವರು ಇದಕ್ಕೆಲ್ಲ ಬೇಜಾರಿಲ್ಲದೆ ಉತ್ತರ ಕೊಡುತ್ತಾರೆ. ಕಾರ್ಡುಗಳನ್ನು 'ಭದ್ರವಾಗಿರಲಿ ಅಂತ ನಾವೇ ಇಟ್ಟುಕೊಳ್ಳುತ್ತೇವೆ' ಅಂದರೆ ಮಾತ್ರ ತಮ್ಮನನ್ನು ಬಿಟ್ಟು ಬರಬೇಡಿ. ಯಾವ ಧರ್ಮದವರೇ ಆಗಲಿ.

ಇನ್ನು ಅವನು ಕೆಲಸ ಬಿಟ್ಟ ವಿಷಯ. ನನಗೆ ಇದೇ ಮುಖ್ಯ ಅನ್ನಿಸಿತು. ಹಾಸನದವರಿಗೆ ಬೇಕರಿ ಕೆಲಸ ಹೇಳಿಕೊಡಬೇಕಾಗಿಲ್ಲ, ಅಯ್ಯಂಗಾರ್ ಬೇಕರಿಗಳು ಬಂದದ್ದೇ ನಿಮ್ಮ ಕಡೆಯಿಂದ. ಅವನಿಗೂ ಕೆಲಸ ಬರುತ್ತೆ. ಬರದೇ ಇರುವುದು ಉಳಿದದ್ದು. ಹದಿನಾಲ್ಕು ವರ್ಷ ಏಳುವುದು, ಉಣ್ಣುವುದು, ಮಲಗುವುದು ಎಲ್ಲ ಬೇರೆಯವರು ಹೇಳಿದ ಹೊತ್ತಿಗೆ. ಅವನು ಒಳಗೆ ಹೋದಾಗ ಫೋನಿನಲ್ಲಿ ಯಾರೂ ದುಡ್ಡು ಕಳಿಸುತ್ತಿರಲಿಲ್ಲ. ಈಗ ಟೀ ಅಂಗಡಿಯಲ್ಲೂ ಸ್ಕ್ಯಾನ್ ಮಾಡಬೇಕು. ಗೊತ್ತಿಲ್ಲ ಅಂತ ಹೇಳಿಕೊಳ್ಳಲು ನಾಚಿಕೆ. ಎರಡನೇ ವಾರವೋ ಮೂರನೇ ವಾರವೋ ಯಾರಾದರೂ 'ಜೈಲಿನವನು' ಅಂತ ಒಂದು ಮಾತು ಅಂದಿರುತ್ತಾರೆ. ಮರುದಿನ ಅವನು ಏಳುವುದೇ ಇಲ್ಲ. ನಾನು ನೋಡಿದ ಹತ್ತಾರು ಜನ ಹೀಗೆಯೇ ಕೆಲಸ ಬಿಟ್ಟವರು.

ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಗ್ರೆಗ್ ಬಾಯ್ಲ್ ಎಂಬ ಯೇಸುಸಭೆಯ ಪಾದ್ರಿ ರೌಡಿ ಗುಂಪುಗಳ ಹುಡುಗರಿಗೆ ಕೆಲಸ ಹುಡುಕಿಕೊಡಲು ಹೊರಟದ್ದು 1988ರಲ್ಲಿ. 1992ರಲ್ಲಿ ಬೇಕರಿಯೇ ತೆರೆದರು, ಹೋಮ್‌ಬಾಯ್ ಬೇಕರಿ ಅಂತ. ಬೀದಿಯಲ್ಲಿ ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದ ಗುಂಪಿನವರು ಅಲ್ಲಿ ಒಟ್ಟಿಗೆ ಹಿಟ್ಟು ನಾದಿದರು. ಅಲ್ಲಿ ತರಬೇತಿ 18 ತಿಂಗಳು. ಅಷ್ಟೂ ದಿನ ಬೇಕಾಗುವುದು ಬ್ರೆಡ್ ಮಾಡುವುದು ಕಲಿಯಲಿಕ್ಕಲ್ಲ. ಕೋಪ ಬಂದಾಗ ಎದ್ದು ಹೋಗದೆ ಕೂರುವುದಕ್ಕೆ, ಮಾತಾಡಲು ಒಬ್ಬರನ್ನು ಹುಡುಕಿಕೊಳ್ಳುವುದಕ್ಕೆ. ಮೈಮೇಲಿನ ಗ್ಯಾಂಗಿನ ಹಚ್ಚೆಯನ್ನೂ ಬಿಟ್ಟಿಯಾಗಿ ತೆಗೆಸಿಕೊಡುತ್ತಾರೆ, ಮುಖದ ಮೇಲೆ ಗುರುತು ಇಟ್ಟುಕೊಂಡು ಯಾವ ಅಂಗಡಿಗೆ ಹೋಗುವುದು, ಅಲ್ವಾ?

ನಿಮ್ಮ ತಮ್ಮನಿಗೆ ಬೆಂಗಳೂರಿನಲ್ಲಿ ಸಿಗಬೇಕಾದದ್ದು ಇಂಥದ್ದು. ಕೆಲಸ ಹಾಸನದಲ್ಲೂ ಸಿಗುತ್ತಿತ್ತು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಬೇಕರಿ ನಡೆಸುತ್ತೇನೆ. ಎಂಟು ಜನ ಕೆಲಸಕ್ಕಿದ್ದಾರೆ. ನಮ್ಮ ಚರ್ಚಿನ ಪಾಸ್ಟರ್, ಜೈಲಿನಿಂದ ಬಂದ ಒಬ್ಬನನ್ನು ತಗೋ ಅಂತ ಬಲವಂತ ಮಾಡುತ್ತಿದ್ದಾರೆ. ಇಲ್ಲ ಅನ್ನಲು ಮನಸ್ಸಿಲ್ಲ, ಹೂಂ ಅನ್ನಲು ಧೈರ್ಯ ಇಲ್ಲ.

ಉತ್ತರ: ಜೈಲಿಗೆ ಹೋಗಿ ಬಂದವರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ ಬೇಕರಿಯಂಥ ಖಾಸಗಿ ಅಂಗಡಿಗೆ ಯಾವ ಕಾನೂನೂ ಹೇಳುವುದಿಲ್ಲ. ಮೊದಲು ಅವನ ಕೇಸು ಏನು ಅಂತ ಕೇಳಿ, ಕಾಗದ ನೋಡಿ. 2022ರ ಸರ್ಕಾರಿ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದ ಪ್ರತಿ 100 ಜನರಲ್ಲಿ 75ಕ್ಕೂ ಜಾಸ್ತಿ ಜನ ವಿಚಾರಣಾಧೀನರು. ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿರಲಿಲ್ಲ. ನಿಮ್ಮ ಹತ್ತಿರ ಬರುವವನು ಖುಲಾಸೆ ಆದವನೋ, ಶಿಕ್ಷೆ ಮುಗಿಸಿದವನೋ, ಜಾಮೀನಿನ ಮೇಲೆ ಇರುವವನೋ ತಿಳಿದುಕೊಳ್ಳಿ. ಜಾಮೀನು ಆದರೆ ಕೋರ್ಟಿನ ತಾರೀಖಿಗೆ ರಜೆ ಕೊಡಬೇಕಾಗುತ್ತದೆ. ಠಾಣೆಯಲ್ಲಿ ಸಹಿ ಹಾಕುವ ಷರತ್ತು ಇದ್ದರೆ ಅದಕ್ಕೂ.

ಗಲ್ಲಾಪೆಟ್ಟಿಗೆಯಲ್ಲಿ ಕೂರಿಸಬೇಡಿ. ಅವನು ಕದಿಯುತ್ತಾನೆ ಅಂತ ಅಲ್ಲ. ಇನ್ನೂರು ರೂಪಾಯಿ ಲೆಕ್ಕ ತಪ್ಪಿದ ದಿನ ಎಂಟು ಜನರೂ ಅವನ ಮುಖವನ್ನೇ ನೋಡುತ್ತಾರೆ. ತಪ್ಪು ಕೂಡಿದವನು ನೀವೇ ಆಗಿದ್ದರೂ ಅಷ್ಟೇ. ಮೊದಲ ಕೆಲವು ತಿಂಗಳು ಓವನ್ ಹತ್ತಿರ ಇರಲಿ. ಸಂಬಳ ವಾರಕ್ಕೊಮ್ಮೆ ಬಟವಾಡೆ ಮಾಡಿ. ತಿಂಗಳ ಕೊನೆವರೆಗೆ ಕಾಯಲು ಅವನ ಕೈಯಲ್ಲಿ ದುಡ್ಡು ಇರುವುದಿಲ್ಲ, ಸಾಲ ಕೊಡಲು ಬರುವ ಹಳೇ ದೋಸ್ತರು ಮಾತ್ರ ಇರುತ್ತಾರೆ.

ಉಳಿದವರಿಗೆ ಹೇಳಬೇಕಾ? ಎಲ್ಲರಿಗೂ ಸಾರಬೇಡಿ. ಮೇಸ್ತ್ರಿಗೆ ಹೇಳಿ, ಅದೂ ಅವನ ಒಪ್ಪಿಗೆ ಪಡೆದು. ಮಾಲೀಕರಾದ ನಿಮ್ಮಿಂದಂತೂ ಏನೂ ಮುಚ್ಚಿಡಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಶುರುವಿನಲ್ಲಿ ಒಬ್ಬ ಹುಡುಗನನ್ನು ಒಂದು ವರ್ಕ್‌ಶಾಪಿಗೆ ಸೇರಿಸುವಾಗ ಅವನ ಜೈಲಿನ ವಿಷಯ ಬಾಯಿ ಬಿಡಲಿಲ್ಲ. ಹೇಳಿದರೆ ತಗೊಳ್ಳಲ್ಲ ಅಂತ. ನಾಲ್ಕೇ ತಿಂಗಳಲ್ಲಿ ಗೊತ್ತಾಯಿತು. ಹುಡುಗನ ಕೆಲಸ ಹೋಯಿತು. ಮಾಲೀಕರು ನನ್ನನ್ನು ಕರೆದು, "ಅವನು ಕಳ್ಳ ಅಲ್ಲ ಕಣಮ್ಮ, ಸುಳ್ಳು ಹೇಳಿದ್ದು ನೀನು" ಅಂದರು. ಆಮೇಲೆ ಅವರು ನಮ್ಮ ಒಬ್ಬರನ್ನೂ ಸೇರಿಸಿಕೊಳ್ಳಲಿಲ್ಲ.

ಈಗ ಪಾಸ್ಟರ್ ವಿಷಯಕ್ಕೆ ಬರುತ್ತೇನೆ. ಬೈಬಲಿನಲ್ಲಿ ಪೌಲ ಫಿಲೆಮೋನನಿಗೆ ಬರೆದ ಪತ್ರ ನಿಮಗೆ ಗೊತ್ತೇ ಇರುತ್ತದೆ. ಸೆರೆಯಲ್ಲಿ ಕೂತುಕೊಂಡೇ ಬರೆದದ್ದು. ನಿನ್ನಿಂದ ದೂರವಾಗಿದ್ದ ದಾಸ ಒನೇಸಿಮನನ್ನು ಮತ್ತೆ ಸೇರಿಸಿಕೋ ಅನ್ನುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ, ಅವನಿಂದ ನಿನಗೆ ಏನಾದರೂ ಬರಬೇಕಿದ್ದರೆ ನನ್ನ ಲೆಕ್ಕಕ್ಕೆ ಹಾಕು ಅನ್ನುತ್ತಾನೆ. ನಿಮ್ಮ ಪಾಸ್ಟರಿಗೂ ಇದನ್ನೇ ನೆನಪು ಮಾಡಿ, ಹೀಗೆ ಕೇಳಿ. ವಾರಕ್ಕೊಮ್ಮೆ ಅಂಗಡಿಗೆ ಬಂದು ಅವನ ಜೊತೆ ಟೀ ಕುಡಿದು ಹೋಗುತ್ತೀರಾ? ರಾತ್ರಿ ಹತ್ತಕ್ಕೆ ನಾನು ಫೋನ್ ಮಾಡಿದರೆ ಎತ್ತುತ್ತೀರಾ? ಎರಡಕ್ಕೂ ಹೌದು ಅಂದರೆ ತಗೊಳ್ಳಿ. 'ದೇವರು ನೋಡಿಕೊಳ್ಳುತ್ತಾನೆ' ಅಂದರೆ ಇನ್ನೊಂದು ತಿಂಗಳು ಕಾಯಿರಿ.

ಪ್ರಶ್ನೆ: ಕೇಸು ಖುಲಾಸೆ ಆಗಿದೆ. ಸರ್ಕಾರಿ ಕೆಲಸದ ಅರ್ಜಿಯಲ್ಲಿ ಬರೆಯಬೇಕಾ?

ಉತ್ತರ: ಅರ್ಜಿಯಲ್ಲಿ ಕೇಳಿದ್ದರೆ ಬರೆಯಲೇಬೇಕು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ನಿಜ ಬರೆದರೂ ಕೆಲಸ ಕೊಡಲೇಬೇಕು ಅಂತೇನಿಲ್ಲ, ಕೇಸು ಎಂಥದ್ದು ಅಂತ ಇಲಾಖೆ ನೋಡಬಹುದು. ಆದರೆ ಮುಚ್ಚಿಟ್ಟದ್ದೇ ಕೆಲಸದಿಂದ ತೆಗೆಯಲು ಕಾರಣ ಆಗಬಹುದು. ಉಚಿತ ಕಾನೂನು ಸಲಹೆಗೆ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾವು ಕೋಲಾರದ ಕಡೆಯ ಚರ್ಚಿನ ಯುವಕರು. ಕ್ರಿಸ್ತನನ್ನು ನಂಬಿದ ಕೈದಿಗಳು ಮತ್ತೆ ಜೈಲಿಗೆ ಹೋಗುವುದಿಲ್ಲ ಅಂತ ಅಮೆರಿಕದಲ್ಲಿ ಸಾಬೀತಾಗಿದೆಯಂತೆ, ನಿಜವಾ? ನಾವೂ ಸೇವೆ ಶುರು ಮಾಡಬೇಕು ಅಂತಿದ್ದೇವೆ.

ಉತ್ತರ: ಅಷ್ಟು ಸುಲಭವಾಗಿ ಸಾಬೀತಾಗಿಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್ ಸರ್ಕಾರದಲ್ಲಿದ್ದ ಚಾರ್ಲ್ಸ್ ಕೋಲ್ಸನ್ ವಾಟರ್‌ಗೇಟ್ ಹಗರಣದ ಕಾಲದಲ್ಲಿ ಏಳು ತಿಂಗಳು ಜೈಲಿನಲ್ಲಿದ್ದು ಬಂದು 1976ರಲ್ಲಿ ಕೈದಿಗಳ ನಡುವೆ ಕೆಲಸ ಮಾಡುವ ಪ್ರಿಸನ್ ಫೆಲೋಶಿಪ್ ಎಂಬ ಕ್ರೈಸ್ತ ಬಳಗ ಕಟ್ಟಿದರು. ಅವರ ಬಳಗ 1997ರಲ್ಲಿ ಟೆಕ್ಸಸ್‌ನ ಒಂದು ಜೈಲಿನಲ್ಲಿ ಬೈಬಲ್ ಆಧಾರದ ಕಾರ್ಯಕ್ರಮ ಶುರು ಮಾಡಿತು. 2003ರ ವರದಿಯಲ್ಲಿ, ಅದನ್ನು ಪೂರ್ತಿ ಮುಗಿಸಿದ 75 ಜನರಲ್ಲಿ ಎರಡು ವರ್ಷದೊಳಗೆ ಮತ್ತೆ ಜೈಲಿಗೆ ಹೋದವರು ಶೇ 8. ಅದಕ್ಕೆ ಸೇರದಿದ್ದ ಅಂಥದೇ ಕೈದಿಗಳಲ್ಲಿ ಶೇ 20. ಎಲ್ಲರೂ ಹೇಳುವ ಲೆಕ್ಕ ಇಷ್ಟೇ. ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವೂ ಇದೆ. ಮಧ್ಯದಲ್ಲಿ ಬಿಟ್ಟವರನ್ನೂ ಸೇರಿಸಿ ಒಟ್ಟು 177 ಜನರನ್ನು ನೋಡಿದರೆ ಶೇ 24. ಸೇರದವರಿಗಿಂತ ಜಾಸ್ತಿಯೇ!

ಇನ್ನೂ ಒಂದು ಮಾತು. 'ಮುಗಿಸಿದವರು' ಅನ್ನಿಸಿಕೊಳ್ಳಲು ಹೊರಗೆ ಬಂದ ಮೇಲೆ ಕೆಲಸದಲ್ಲಿ ನೆಲೆ ನಿಂತಿರಬೇಕಿತ್ತು. ಅಂದರೆ ಆ ಶೇ 8 ನಂಬಿಕೆಯ ಲೆಕ್ಕವೋ, ಕೆಲಸದಲ್ಲಿ ಉಳಿದದ್ದರ ಲೆಕ್ಕವೋ? ಎರಡನ್ನೂ ಬಿಡಿಸಿ ಹೇಳಲು ಆ ವರದಿಯಿಂದ ಆಗುವುದಿಲ್ಲ. ನನ್ನನ್ನು ಕೇಳಿದರೆ ಕೆಲಸ ಮತ್ತು ಜೊತೆಗೆ ನಿಂತ ಒಬ್ಬ ಮನುಷ್ಯ.

ಅದಕ್ಕೇ, ಕರಪತ್ರ ಅಚ್ಚು ಹಾಕಿಸುವ ದುಡ್ಡು ಸದ್ಯಕ್ಕೆ ಉಳಿಸಿ. ಒಬ್ಬನೇ ಒಬ್ಬನಿಂದ ಶುರು ಮಾಡಿ. ಅವನ ಆಧಾರ್ ಸರಿ ಇದೆಯಾ, ಬ್ಯಾಂಕ್ ಖಾತೆ ನಡೆಯುತ್ತಿದೆಯಾ, ರಾತ್ರಿ ಎಲ್ಲಿ ಮಲಗುತ್ತಾನೆ, ಇಷ್ಟನ್ನು ಬಿಡುಗಡೆಗೆ ಮುಂಚೆಯೇ ನೋಡಿಕೊಳ್ಳಿ. ಕೋರ್ಟಿನ ಆದೇಶ ಜೈಲು ತಲುಪಿ, ಪುಸ್ತಕದಲ್ಲಿ ಬರೆದುಕೊಂಡು, ಗೇಟು ತೆಗೆಯುವ ಹೊತ್ತಿಗೆ ಎಷ್ಟೋ ಸಲ ಕತ್ತಲಾಗಿರುತ್ತದೆ. ಊರಿನ ಕೊನೆ ಬಸ್ಸು ಹೋಗಿರುತ್ತದೆ. ಗೇಟಿನ ಎದುರಿನ ಅಂಗಡಿಯಲ್ಲಿ ಹಳೇ ಗ್ಯಾಂಗಿನವರು ಬೈಕ್ ತಂದು ನಿಂತಿರುತ್ತಾರೆ. ನಿಮ್ಮಲ್ಲಿ ಯಾರ ಹತ್ತಿರ ಬೈಕ್ ಇದೆ ನೋಡಿಕೊಳ್ಳಿ.