ಕೆಂಪೆಲೆ ನೋಡಬೇಕಾ? ದಸರಾಕ್ಕಲ್ಲ, ಶಿವರಾತ್ರಿ ಹೊತ್ತಿಗೆ ಚಿಂಚೋಳಿಗೆ ಹೋಗಿ

ಪ್ರಶ್ನೆ: ದಸರಾ ರಜೆಯಲ್ಲಿ ಎರಡು ದಿನ ಕಾರಿನಲ್ಲಿ ಎಲ್ಲಾದರೂ ಹೋಗಿ ಬರುವ ಆಸೆ. ಮರಗಳೆಲ್ಲ ಕೆಂಪು, ಹಳದಿಯಾಗಿರುವ ಫೋಟೊ ನೋಡಿದ ಮಕ್ಕಳು ಅಂಥದ್ದೇ ಜಾಗ ಬೇಕು ಅಂತಿದ್ದಾರೆ. ಗುಡ್ಡದ ರಸ್ತೆಯೂ ಇರಬೇಕಂತೆ. ಜೊತೆಗೆ ಅತ್ತೆ, ಮಾವ ಇರುತ್ತಾರೆ. ಎಲ್ಲಿಗೆ ಹೋಗಬಹುದು?
– ಓದುಗರೊಬ್ಬರು, ಕಲಬುರಗಿ

ಉತ್ತರ: ಆ ಬಣ್ಣ ನಮ್ಮ ಭಾಗದಲ್ಲೂ ಇದೆ. ಆದರೆ ಬರುವುದು ದಸರಾಕ್ಕಲ್ಲ, ಶಿವರಾತ್ರಿಯ ಆಸುಪಾಸಿನಲ್ಲಿ. ಇದನ್ನು ಮೊದಲೇ ಮಕ್ಕಳಿಗೆ ಹೇಳಿಬಿಡಿ, ಅಲ್ಲಿಗೆ ಹೋದ ಮೇಲೆ ನಿರಾಸೆಯಾಗುವುದು ಬೇಡ.

ಚಳಿ ನಾಡಿನಲ್ಲಿ ಹಗಲು ಚಿಕ್ಕದಾಗಿ ಥಂಡಿ ಏರುತ್ತಿದ್ದಂತೆ ಮರಗಳು ಎಲೆ ಬಿಡಲು ತಯಾರಾಗುತ್ತವೆ. ಎಲೆಯ ಹಸಿರು ಕರಗುತ್ತದೆ. ಅಷ್ಟು ದಿನ ಅದರಡಿ ಮುಚ್ಚಿಹೋಗಿದ್ದ ಹಳದಿ ಕಾಣಿಸುತ್ತದೆ. ಕೆಂಪು ಹಾಗಲ್ಲ. ಅದನ್ನು ಎಲೆ ಕೊನೆಗಾಲದಲ್ಲಿ ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು ಇದ್ದರೆ ಆ ಕೆಂಪು ಜಾಸ್ತಿ. ನಮ್ಮ ಮರಗಳಿಗೆ ಚಳಿಯ ಭಯವಿಲ್ಲ, ನೀರಿನ ಕೊರತೆಯ ಭಯ. ಮಳೆ ನಿಂತು ಮೂರ್ನಾಲ್ಕು ತಿಂಗಳು ಕಳೆದು ನೆಲ ಒಣಗಿದಾಗ, ಇದ್ದ ನೀರು ಉಳಿಸಿಕೊಳ್ಳಲು ಎಲೆ ಉದುರಿಸುತ್ತವೆ. ಅಕ್ಟೋಬರ್‌ನಲ್ಲಿ ನೆಲದ ತೇವ ಆರಿರುವುದಿಲ್ಲ, ಕಾಡು ಹಸಿರಾಗಿಯೇ ಇರುತ್ತದೆ.

ಹಾಗಂತ ದಸರಾ ಪ್ರವಾಸ ಬಿಡಬೇಡಿ. ಆ ಹಸಿರನ್ನೇ ನೋಡಲು ಹೋಗಿ. ನಾನು ಹೇಳುವ ದಾರಿ ಇದು: ಕಲಬುರಗಿಯಿಂದ ಚಿಂಚೋಳಿ, ಅಲ್ಲಿಂದ ತಾಂಡೂರು, ವಿಕಾರಾಬಾದ್ ಪಕ್ಕದ ಅನಂತಗಿರಿ ಗುಡ್ಡ, ಆಮೇಲೆ ಜಹೀರಾಬಾದ್ ಮೇಲೆ ಬೀದರ್. ವಾಪಸ್ ಹುಮನಾಬಾದ್ ಕಡೆಯಿಂದ ಊರಿಗೆ. ಎಲ್ಲ ಸೇರಿ ಮುನ್ನೂರೈವತ್ತು–ನಾನ್ನೂರು ಕಿಲೋಮೀಟರ್. ಮೊದಲ ದಿನ ಬೆಳಿಗ್ಗೆ ಬೇಗ ಹೊರಟರೆ ಚಿಂಚೋಳಿಯ ಎತ್ತಿಪೋತ ಜಲಪಾತಕ್ಕೆ ಬಿಸಿಲೇರುವ ಮೊದಲೇ ತಲುಪಬಹುದು. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ಅಲ್ಲಿ ನೀರಿರುತ್ತದೆ, ಬೇಸಿಗೆಯಲ್ಲಿ ಇರುವುದಿಲ್ಲ. ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಬುತ್ತಿ ಬಿಚ್ಚಿ. ಅತ್ತೆ, ಮಾವನಿಗೂ ಒಂದಿಷ್ಟು ವಿಶ್ರಾಂತಿ ಸಿಗುತ್ತದೆ.

ಅನಂತಗಿರಿಯ ರಸ್ತೆ ಕಾಡಿನ ನಡುವೆ ಬಳುಕುತ್ತಾ ಏರುತ್ತದೆ. ಅನಂತಪದ್ಮನಾಭ ಸ್ವಾಮಿ ಗುಡಿ ಇದೆ. ಹೈದರಾಬಾದ್ ನಡುವೆ ಹರಿಯುವ ಮೂಸಿ ನದಿ ಹುಟ್ಟುವುದೂ ಈ ಗುಡ್ಡಗಳಲ್ಲೇ. ಸಹ್ಯಾದ್ರಿಯ ಘಾಟಿಯಷ್ಟು ಎತ್ತರ ಇಲ್ಲಿಲ್ಲ. ಮಕ್ಕಳಿಗೆ, ಹಿರಿಯರಿಗೆ ತಲೆ ಸುತ್ತಿಸದ ಹದವಾದ ತಿರುವುಗಳು. ನಿಮ್ಮ ಮನೆಯವರಿಗೆ ಇದೇ ಸರಿ ಎಂದು ನನ್ನ ಅನಿಸಿಕೆ.

ಬಣ್ಣ ಬೇಕೇ ಬೇಕು ಅಂದರೆ ರಸ್ತೆ ಬದಿ ನೋಡುತ್ತಾ ಹೋಗಿ. ತಂಗಡಿ ಗಿಡಗಳು ಹಳದಿ ಹೂ ತುಂಬಿಕೊಂಡು ನಿಂತಿರುತ್ತವೆ. ತೆಲಂಗಾಣದ ಗಡಿ ದಾಟಿದರೆ ನವರಾತ್ರಿಯ ಸಂಜೆಗಳಲ್ಲಿ ಇದೇ ಹೂ ಜೋಡಿಸಿ ಬತುಕಮ್ಮ ಎಂಬ ಹೂವಿನ ಹಬ್ಬ ಆಡುವ ಹೆಣ್ಣುಮಕ್ಕಳು ಸಿಗುತ್ತಾರೆ. ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ದಸರಾ ತಡವಾಗಿ ಬಂದ ವರ್ಷವಾದರೆ ನಮ್ಮ ತೊಗರಿ ಹೊಲಗಳೂ ಹಳದಿಯಾಗಿರುತ್ತವೆ. ಸೀತಾಫಲದ ಕಾಲ ಬೇರೆ, ಬುಟ್ಟಿಯಲ್ಲಿ ಮಾರುವವರು ದಾರಿಯುದ್ದಕ್ಕೂ ಇರುತ್ತಾರೆ. ಎರಡನೇ ದಿನ ಬೀದರ್‌ನಲ್ಲಿ ಕೋಟೆಯ ಅಂಚಿಗೆ ಹೋಗಿ ನಿಲ್ಲಿ. ಕೆಂಪು ಮುರಕಲ್ಲಿನ ದಿಬ್ಬ ಅಲ್ಲಿಗೆ ಮುಗಿದು, ಕೆಳಗೆ ಬಯಲು ತೆರೆದುಕೊಳ್ಳುತ್ತದೆ.

ಇನ್ನು ಕೆಂಪೆಲೆಯ ಮಾತು. ಫೆಬ್ರವರಿ ಕೊನೆಯ ಒಂದು ಭಾನುವಾರ ಚಿಂಚೋಳಿಗೆ ಇನ್ನೊಮ್ಮೆ ಹೋಗಿ. ಕಲಬುರಗಿಯಿಂದ ಸುಮಾರು 85 ಕಿ.ಮೀ., ಹೋಗಿ ಬರಲು ಒಂದೇ ದಿನ ಸಾಕು. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದ ಈ ಕಾಡಿನ ವಿಸ್ತೀರ್ಣ ಸುಮಾರು 134 ಚದರ ಕಿ.ಮೀ. ಕುಂಚಾವರಂ ಕಡೆಗೆ ಹೋಗುವಾಗ ಆ ಕಾಲದಲ್ಲಿ ಸಾಗವಾನಿ ಎಲೆ ಒಣಗಿ ಕಂದಾಗಿರುತ್ತದೆ. ಎಲೆಯೇ ಇಲ್ಲದ ಮುತ್ತುಗದ ಕೊಂಬೆಗಳ ತುಂಬ ಕೇಸರಿ ಹೂ. ಅರಳಿ ಮರದ ಹೊಸ ಚಿಗುರು ಕೂಡ ತಾಮ್ರದ ಬಣ್ಣದ್ದೇ. ನಮ್ಮ ಜನ ಇದನ್ನು ಬೋಳು ಕಾಡು ಅಂತ ಬಿಟ್ಟು ದೂರದ ಊರುಗಳಿಗೆ ಹೋಗುವುದು ನೋಡಿದರೆ ನನಗೆ ಸಂಕಟವಾಗುತ್ತದೆ. ಒಂದು ಎಚ್ಚರಿಕೆ: ಆಗ ನೆಲದ ತುಂಬ ಒಣಗಿದ ಎಲೆ. ಒಂದು ಬೀಡಿ ತುಂಡು ಸಾಕು, ಗುಡ್ಡವೇ ಸುಡುತ್ತದೆ. ಒಲೆ ಹೂಡಬೇಡಿ. ರಸ್ತೆ ಬಿಟ್ಟು ಕಾಡಿನೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ.

ಮಕ್ಕಳು ಅಷ್ಟು ದಿನ ಕಾಯಲ್ಲ ಅಂದರೆ ಮನೆ ಹತ್ತಿರ ಒಂದು ಬಾದಾಮಿ ಮರ ತೋರಿಸಿ, ಶಾಲೆಗಳ ಅಂಗಳದಲ್ಲಿ ನೆರಳಿಗೆ ಬೆಳೆಸುತ್ತಾರಲ್ಲ, ಅದು. ಅದರ ಅಗಲ ಎಲೆ ಉದುರುವ ಮೊದಲು ಕಡುಗೆಂಪಾಗುತ್ತದೆ.

ಫೋಟೊದಲ್ಲಿ ಕಂಡಂತೆ ಊರೆಲ್ಲ ಕೆಂಪಾಗಿರುವುದೇ ಬೇಕೆಂದರೆ ಕಾಶ್ಮೀರ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಶ್ರೀನಗರದ ನಿಶಾತ್, ಶಾಲಿಮಾರ್ ತೋಟಗಳಲ್ಲಿ, ನಸೀಮ್ ಬಾಗ್‌ನಲ್ಲಿ ಚಿನಾರ್ ಮರಗಳು ಕೆಂಪೇರುತ್ತವೆ. ಪಾಂಪೋರದಲ್ಲಿ ಕೇಸರಿ ಅರಳುವುದೂ ಆಗಲೇ. ಇಲ್ಲಿಂದ ಹೈದರಾಬಾದಿಗೆ ಹೋಗಿ ವಿಮಾನ ಹಿಡಿಯಬೇಕು, ಐದು ದಿನವಾದರೂ ಬೇಕು. ಎರಡು ದಿನದ ರಜೆಗೆ ಹೊಂದುವ ಮಾತಲ್ಲ. ಹೊರಗಿನ ಪ್ರಿಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ಯಾವ ತಾಣ ತೆರೆದಿದೆ ಎಂದು ಕೇಳಿಕೊಂಡೇ ಟಿಕೆಟ್ ಮಾಡಿಸಿ.

ಪ್ರಶ್ನೆ: ಯಾದಗಿರಿಯಿಂದ ಕಾರಿನಲ್ಲಿ ಶ್ರೀಶೈಲಕ್ಕೆ ಹೊರಟಿದ್ದೇವೆ. ಘಾಟಿಯಲ್ಲಿ ನಾನು ಗಾಡಿ ಓಡಿಸಿಲ್ಲ. ಏನು ನೆನಪಿಡಬೇಕು?
– ಓದುಗರೊಬ್ಬರು, ಯಾದಗಿರಿ

ಉತ್ತರ: ನಲ್ಲಮಲ ಬೆಟ್ಟಸಾಲಿನ ಆ ರಸ್ತೆ ಬಹಳ ಚೆಂದ. ಮಹಬೂಬ್‌ನಗರದ ಕಡೆಯಿಂದ ಹೋದರೆ ಅಮ್ರಾಬಾದ್ ಹುಲಿ ಕಾಡಿನೊಳಗೇ ದಾರಿ. ಮನ್ನನೂರು ಚೆಕ್‌ಪೋಸ್ಟನ್ನು ರಾತ್ರಿ ಮುಚ್ಚುತ್ತಾರೆ. ಸಂಜೆಯೊಳಗೆ ಶ್ರೀಶೈಲ ಸೇರುವಂತೆ ಹೊರಡಿ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್, ಎರಡು ಅಥವಾ ಮೂರು. ನ್ಯೂಟ್ರಲ್ ಮಾಡಿ ಇಳಿಸಲೇಬೇಡಿ. ಬ್ರೇಕ್ ಒತ್ತಿಕೊಂಡೇ ಇದ್ದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಗಾಡಿ ನಿಲ್ಲಿಸಿ, ಆರಲು ಬಿಡಿ. ಕೋತಿಗಳಿಗೆ ತಿಂಡಿ ಹಾಕಬೇಡಿ, ಅವು ರಸ್ತೆಗೆ ಬಂದು ಗಾಡಿಗೆ ಸಿಕ್ಕಿ ಸಾಯುತ್ತವೆ. ಯುಗಾದಿ ಹೊತ್ತಿಗೆ ನಮ್ಮ ಕಡೆಯ ಪಾದಯಾತ್ರಿಗಳು ದಾರಿ ತುಂಬ ಇರುತ್ತಾರೆ. ಆ ವಾರ ಬಿಟ್ಟು ಹೋಗಿ. ಹೋಗಲೇಬೇಕಾದರೆ ಅವರನ್ನು ದಾಟುವಾಗ ನಿಧಾನ ಮಾಡಿ.